ಒಂದು ಬೆರಳಿನ ಜಾಗ

ಮೂವತ್ತೊಂದು ವರ್ಷ ಎಸ್ಕಿಶೆಹಿರ್‌ನ ಪತ್ರಿಕೆಯೊಂದರಲ್ಲಿ
ಕರಡು ತಿದ್ದಿದವಳು ನಾನು, ಮುಕೆರ್ರೆಮ್.
ಮೊಸರಲ್ಲಿ ಕಲ್ಲು ಹುಡುಕುವವಳು ಅಂದರು ಬೆನ್ನ ಹಿಂದೆ.
ಹುಡುಕಿದ್ದಲ್ಲ. ಹಲ್ಲಿಗೇ ಸಿಗುತ್ತಿತ್ತು.
ನಿವೃತ್ತಿಯ ದಿನ ಹೂಗುಚ್ಛದ ಪಟ್ಟಿಯಲ್ಲಿ
ನನ್ನ ಹೆಸರಿನ ಎರಡು 'ರ'ಗಳಲ್ಲಿ ಒಂದು ನಾಪತ್ತೆ.
ಹೂವನ್ನು ಮೇಜಿನ ಮೇಲೇ ಬಿಟ್ಟು
ಕೆಂಪು ಪೆನ್ನು ಮನೆಗೆ ತಂದೆ.

ಈಗ ಊರೇ ನನ್ನ ಕರಡು.
ಮಾಂಸದಂಗಡಿಯ ಗಾಜಿನ ಮೇಲೆ:
'ದೂರಿದ್ದರೆ ದಿರೆಕ್ ನನಗೆ ಹೇಳಿ.'
ದಿರೆಕ್ತ್ ಅಂದರೆ ನೇರ. ಬಾಲದ 'ತ್' ಬಿದ್ದರೆ ಕಂಬ.
ಒಳಗೆ ಹೋಗಿ ಕೇಳಿದೆ: ಯಾವ ಕಂಬ ಸ್ವಾಮಿ,
ಟ್ರಾಮ್ ದಾರಿಯದೋ, ಮಸೀದಿ ಮುಂದಿನದೋ?
ಕತ್ತಿ ಒರೆಸುತ್ತ ನಕ್ಕ.
ಅಂದಿನಿಂದ ನನಗೆ ಕೊಬ್ಬೇ ಹೆಚ್ಚು ತೂಗುತ್ತಾನೆ.

ತಪ್ಪಿಗೆ ನಾವು ಯನ್ಲಿಶ್ ಅನ್ನುತ್ತೇವೆ.
ಅರ್ಧ ಊರು ಬರೆಯುವುದು ಯಲ್ನಿಶ್.
ತಪ್ಪು ಅನ್ನುವುದನ್ನೇ ತಪ್ಪಾಗಿ!
ಒಂಟಿಗೆ ಯಲ್ನಿಜ್. ಬರೆಯುವುದು ಯನ್ಲಿಜ್.
ಔತಣ ಮುಗಿಸಿ ಕತ್ತಲಲ್ಲಿ ಹೊರಟವರು
ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಂಡ ಹಾಗೆ
'ಲ'ವೂ 'ನ'ವೂ.

ಅದಾದರೂ ಇರಲಿ. ಉರಿಸುವುದು 'ದೆ'.
ಅಂಟಿಸಿ ಬರೆದರೆ ಬೆಂದೆ: ನನ್ನಲ್ಲಿ, ನನ್ನ ಬಳಿ.
ಬಿಡಿಸಿ ಬರೆದರೆ ಬೆನ್ ದೆ: ನಾನೂ.
ನಡುವೆ ಬೇಕಾದದ್ದು ಒಂದು ಬೆರಳಿನ ಜಾಗ,
ಅಷ್ಟೇ.

ನೆಜಾತ್‌ಗೆ ಆ ಜಾಗ ಗೊತ್ತಿರಲಿಲ್ಲ.
ಪ್ರೀತಿಸುತ್ತೇನೆ ಎಂದು ಮೊದಲು ಬರೆದವಳು ನಾನೇ, ನಾಲ್ಕು ಪುಟ.
ಎರ್ಜುರುಮ್‌ನ ಸೇನಾ ಶಿಬಿರದಿಂದ ಅವನು
ಒಂದೇ ಪದ ಕಳಿಸಿದ:
ಬೆಂದೆ.
ನನಗೆ ಇಪ್ಪತ್ತೆರಡು. ಸುತ್ತ ಕೆಂಪು ವೃತ್ತ ಎಳೆದು
ಅಂಚಿನಲ್ಲಿ ಕೇಳಿದೆ: 'ನಿನ್ನಲ್ಲಿ ಏನಿದೆ? ಜ್ವರವೆ? ಚಿಲ್ಲರೆಯೆ?'
ಅದೇ ಲಕೋಟೆಯಲ್ಲಿ ತಿರುಗಿ ಅಂಚೆಗೆ ಹಾಕಿದೆ.
ತಮಾಷೆ ಅಂದುಕೊಂಡಿದ್ದೆ.
ಪೊರ್ಸುಕ್ ನದಿಯ ಮೇಲೆ ಆಮೇಲೆ
ನಲವತ್ತೊಂಬತ್ತು ಚಳಿಗಾಲ ಹಾದುಹೋದವು.

ನಮ್ಮ ಕಟ್ಟಡದ ಕಾವಲುಗಾರ ದುರ್ಸುನ್. ಐದನೆಯ ಕ್ಲಾಸು.
ಲಿಫ್ಟಿನಲ್ಲಿ ಅವನ ಚೀಟಿ ಅಂಟುವುದೇ ತಡ
ನನ್ನ ಪೆನ್ನು ಇಳಿಯುತ್ತದೆ.
ಒಮ್ಮೆಯೂ ಸಿಡುಕಿದವನಲ್ಲ. ತಿದ್ದಿದ್ದನ್ನು
ಹೊಸ ಹಾಳೆಗೆ ಇಳಿಸಿ ಮತ್ತೆ ಅಂಟಿಸುತ್ತಾನೆ.
ಹೆಂಡತಿ ತೀರಿಕೊಂಡ ವಾರ ಹಾಕಿದ ಚೀಟಿಯನ್ನೂ—
ಹೌದು, ಅದನ್ನೂ.
'ಬಿಡಿಸಿ ಬರಿ ದುರ್ಸುನ್, ಆ ದೆ ಬಿಡಿಸಿ ಬರಿ',
ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನನ್ನದು ಅದೇ ಜಪ.

ನಿನ್ನೆ ಬಾಯ್ಲರ್ ಕೆಟ್ಟಿತು. ಹೊರಗೆ ಮೈನಸ್ ಹದಿನಾಲ್ಕು.
ಸಂಜೆ ಬಾಗಿಲಡಿಯಿಂದ ತೂರಿ ಬಂತು ಒಂದು ಚೀಟಿ:

ಅಕ್ಕಾ ಯನ್ಲಿಜ್ ಇದ್ದೀರಾ ಬೆನ್ ದೆ ಒಲೆ ಇದೆ

ಪ್ರಶ್ನಾರ್ಥಕವಿಲ್ಲ. ಒಂಟಿಗೆ ತಪ್ಪಿನ ಚಪ್ಪಲಿ.
ಮತ್ತೆ ಆ 'ದೆ': ಅಂಟಿಸಲೇಬೇಕಾದ ಒಂದು ಕಡೆ
ಪುಣ್ಯಾತ್ಮ, ನನ್ನ ಮಾತು ಕೇಳಿ ಬಿಡಿಸಿದ್ದಾನೆ.
ನನ್ನಲ್ಲಿ ಒಲೆ ಇದೆ ಅನ್ನಲು ಹೋಗಿ
ನಾನೂ ಒಲೆ ಇದೆ ಎಂದಿದ್ದಾನೆ.

ಕೋಟು ತೊಟ್ಟೇ ಕೂತಿದ್ದೆ. ಪೆನ್ನು ಬರೆಯಲಿಲ್ಲ.
ಮುಷ್ಟಿಯಲ್ಲಿಟ್ಟು ಬಿಸಿಯುಸಿರು ಊದಿದೆ.
ಅಲ್ಪವಿರಾಮ, ಪ್ರಶ್ನಾರ್ಥಕ: ಅಭ್ಯಾಸಬಲ.
'ಲ', 'ನ' ಇದ್ದ ಹಾಗೇ ಇರಲಿ ಎಂದೆ, ಯಾಕೋ.
ಎರಡನ್ನೂ ಕೂಡಿಸುವ ಕೊಂಡಿ ಎಳೆಯಲು
ಕೈ ಬೆನ್ ದೆ ತನಕ ಹೋಯಿತು,
ನಿಂತಿತು.
ಕೊಂಡಿಯ ಬದಲು ಒಂದು ಚುಕ್ಕಿ ಇಟ್ಟೆ.

ಅಕ್ಕಾ, ಯನ್ಲಿಜ್ ಇದ್ದೀರಾ?
ಬೆನ್ ದೆ. ಒಲೆ ಇದೆ.

ಈಗ ಯಾವ ವ್ಯಾಕರಣವೂ ಬೆರಳು ತೋರಿಸುವಂತಿಲ್ಲ.

ಚೆಸ್ಟ್‌ನಟ್ ಪೊಟ್ಟಣ ಹಿಡಿದು ಮೂರು ಮಹಡಿ ಇಳಿದೆ.
ಅಂಗಡಿಯವ ಅದರ ಮೇಲೆ ಗೀಚಿದ್ದ ಹೆಸರಲ್ಲಿ ಎರಡು ತಪ್ಪು.
ಆ ಬದಿ ಒಳಗೆ ಬರುವಂತೆ
ಮಡಚಿಕೊಂಡೆ.